ತಹಖಾನೆ, ಬರಸಾತಿ ಮತ್ತು ನಮ್ಮ ಮನೆಯ ಬೇಸ್‌ಮೆಂಟು

2024ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಉಪ್ಪಿಟ್ಟು ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಮಗ ಬಂದು ಎದುರಿಗೆ ಕೂತ. ಅವನು ಹಾಗೆ ಬಂದು ಕೂತ ಅಂದರೆ ಏನೋ ಖರ್ಚಿನ ಬಾಬತ್ತು ಇದೆ ಅಂತಲೇ ಅರ್ಥ.

"ಅಪ್ಪಾ, ಬೇಸ್‌ಮೆಂಟ್ ಸುಮ್ನ ಬಿದ್ದದ. ಅದನ್ನ ರೆಡಿ ಮಾಡಿಸಿ ಇವನಿಗೆ ಓದೋ ರೂಮ್ ಮಾಡಿಕೊಟ್ರ ಹೆಂಗ? ರಾತ್ರಿ ಅಲ್ಲೇ ಮಲಗ್ತಾನ."

ಇವನು ಅಂದರೆ ಮೊಮ್ಮಗ. ಆಗಷ್ಟೇ ಹನ್ನೊಂದನೇ ಕ್ಲಾಸು. ಮನೆಯಲ್ಲಿ ಐದು ಜನ, ಮಲಗುವ ಕೋಣೆ ಎರಡು. ಹುಡುಗ ಡ್ರಾಯಿಂಗ್ ರೂಮಿನ ಸೋಫಾದ ಮೇಲೆ ಬೆಳೆದು ಈಗ ಸೋಫಾಕ್ಕಿಂತ ಉದ್ದವಾಗಿದ್ದಾನೆ. ಮಗನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಹೂಂ ಅನ್ನುವಷ್ಟರಲ್ಲಿ ಅಡಿಗೆಮನೆಯಿಂದ ನಮ್ಮಾಕೆಯ ದನಿ ಬಂತು. "ಅಲ್ರೀ, ನೆಲದ ಕೆಳಗ ಇಡೋದು ಕಾಳು. ಹುಡುಗನ್ನ ಒಯ್ದು ಹಗೇವಿನಾಗ ಹಾಕ್ತೀರೇನು?"

ಮಗ ನಕ್ಕ. ಅವನು ಹುಟ್ಟಿದ್ದು ದಿಲ್ಲಿಯಲ್ಲಿ, ಹಗೇವು ಕಂಡವನಲ್ಲ. ನಾನು ನಗಲಿಲ್ಲ, ಯಾಕಂದರೆ ನಾನು ಕಂಡವನು.

ಹಳೇ ಮೈಸೂರಿನ ಕಡೆಯವರಿಗೂ, ದಿಲ್ಲಿಯಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೂ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಗದಗಿನ ಕಡೆ ಜೋಳ ಕಾಪಾಡಲು ನೆಲದಲ್ಲಿ ತೋಡುವ ಕುಳಿಗೆ ಹಗೇವು ಅನ್ನುತ್ತಾರೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ಹೂಜಿಯ ಹಾಗೆ. ಒಳಗೆ ಸುತ್ತಲೂ ಹುಲ್ಲು, ನಡುವೆ ಜೋಳ, ಬಾಯಿಗೆ ಹಾಸುಗಲ್ಲು, ಅದರ ಮೇಲೆ ಮಣ್ಣು. ಅದನ್ನು ತೆಗೆಯುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಕಲ್ಲು ಸರಿಸಿ, ಬಹಳ ಹೊತ್ತು ಹಾಗೇ ಬಿಟ್ಟು, ಆಮೇಲೆ ನಮ್ಮಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಡುತ್ತಿದ್ದ. ಕಂದೀಲು ಉರಿಯುತ್ತಿದ್ದರೆ ಆಳು ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು. ಕಾಳೂ ಅದರೊಳಗಿನ ಹುಳವೂ ಉಸಿರಾಡಿ ಒಳಗಿನ ಗಾಳಿಯನ್ನು ತಿಂದುಹಾಕಿರುತ್ತವೆ. ಉಳಿಯುವುದು ಕೆಟ್ಟ ಗಾಳಿ, ಅದಕ್ಕೆ ವಾಸನೆಯೂ ಇಲ್ಲ. ಹಾಗೆ ಹಗೇವಿಗೆ ಇಳಿದು ಮೇಲೆ ಬಾರದವರ ಕತೆ ನಮ್ಮ ಕಡೆಯ ಊರೂರಲ್ಲೂ ಇತ್ತು.

ಯೋಚನೆ ಮಾಡಿದರೆ ಕನ್ನಡಿಗರಿಗೆ ನೆಲದ ಅಡಿಯ ಜೊತೆ ಅಂಥಾ ಸಲಿಗೆ ಇಲ್ಲ. ಅಲ್ಲಿರುವುದು ಕಾಳು, ಇಲ್ಲವೇ ನಿಧಿ, ಇಲ್ಲವೇ ಶ್ರೀರಂಗಪಟ್ಟಣದಲ್ಲಿ ತೋರಿಸುವ ಹಾಗೆ ಸೆರೆಯಾಳು. ಹಂಪಿಯಲ್ಲಿ 'ನೆಲದಡಿಯ ಶಿವನ ಗುಡಿ' ಅಂತ ತೋರಿಸುತ್ತಾರಲ್ಲ, ಪ್ರಸನ್ನ ವಿರೂಪಾಕ್ಷ, ಅಲ್ಲಿ ಮಳೆಗಾಲದಲ್ಲಿ ಗರ್ಭಗುಡಿಯವರೆಗೂ ನೀರು. ಪದವನ್ನೇ ನೋಡಿ, ನೆಲಮಾಳಿಗೆ! ನಮ್ಮ ಕಡೆ ಮಾಳಿಗೆ ಅಂದರೆ ತಲೆಯ ಮೇಲಿರುವ ಮಣ್ಣಿನ ಛಾವಣಿ, ಬೇಸಿಗೆ ರಾತ್ರಿ ಚಾಪೆ ಹಾಸಿ ಮಲಗುವ ಜಾಗ. ಅದನ್ನೇ ತಲೆಕೆಳಗು ಮಾಡಿ ನೆಲದೊಳಗೆ ಹಾಕಿ ಒಂದು ಹೆಸರು ಮಾಡಿಕೊಂಡಿದ್ದೇವೆ.

ಆದರೆ ನಾನು 1979ರಿಂದ ಬದುಕುತ್ತಿರುವ ಈ ಊರಿನ ಲೆಕ್ಕವೇ ಬೇರೆ. ಇಲ್ಲಿ ನೆಲದ ಕೆಳಗೆ ಇಳಿಯುವುದು ಒಂದು ಕಾಲಕ್ಕೆ ಶ್ರೀಮಂತಿಕೆಯ ಲಕ್ಷಣ. ಮಗನಿಗೆ 'ನೋಡೋಣ' ಅಂದೆ. ಮಧ್ಯಾಹ್ನ ನಿದ್ದೆ ಬರಲಿಲ್ಲ. ಹಳೆಯ ಪುಸ್ತಕಗಳನ್ನು ಹರವಿಕೊಂಡೆ. (ನಾನು ಇಂಜಿನಿಯರ್ ಅಲ್ಲ, ಲೆಕ್ಕಪತ್ರದ ಇಲಾಖೆಯಲ್ಲಿ ಸವೆದವನು. ಹಳೇ ದಿಲ್ಲಿಯ ಹುಚ್ಚು ಹತ್ತಿದ್ದು ಭಾನುವಾರಗಳಲ್ಲಿ ಮಾಡಲು ಬೇರೆ ಕೆಲಸವಿಲ್ಲದ ಬ್ರಹ್ಮಚಾರಿ ದಿನಗಳಲ್ಲಿ.)

ಫ್ರಾನ್ಸಿನ ವೈದ್ಯ ಫ್ರಾಂಸ್ವಾ ಬರ್ನಿಯೇ ಔರಂಗಜೇಬನ ಕಾಲದಲ್ಲಿ ಇಲ್ಲಿದ್ದ. 1663ರಲ್ಲಿ ಅವನು ತನ್ನ ಊರಿನ ಗೆಳೆಯನಿಗೆ ದಿಲ್ಲಿ, ಆಗ್ರಾಗಳ ಬಗ್ಗೆ ಬರೆದ ಉದ್ದನೆಯ ಪತ್ರವೊಂದಿದೆ. ಅದರಲ್ಲಿ ಒಳ್ಳೆಯ ಮನೆ ಅಂದರೆ ಹೇಗಿರಬೇಕು ಅಂತ ದಿಲ್ಲಿಯವರ ಅಭಿಪ್ರಾಯ ಬರೆಯುತ್ತಾನೆ. ಮನೆಯ ಮೇಲೆ ರಾತ್ರಿ ಮಲಗಲು ಬಿಸಿಲುಮಚ್ಚು ಇರಲೇಬೇಕು. ಮನೆಯ ಕೆಳಗೆ ದೊಡ್ಡ ಬೀಸಣಿಗೆಗಳಿರುವ ನೆಲದಡಿಯ ಕೋಣೆಗಳು ಇರಬೇಕು. ನಡುಮಧ್ಯಾಹ್ನದಿಂದ ಸಂಜೆ ನಾಲ್ಕು ಐದು ಗಂಟೆಯವರೆಗೆ ಮೇಲೆ ಉಸಿರು ಕಟ್ಟುತ್ತದೆ, ಆಗ ಕೆಳಗೆ ಹೋಗಿ ಮಲಗುವುದು. ಕೆಲವರು ಅದರ ಬದಲು ತೋಟದ ನಡುವೆ ಲಾಮಂಚದ ಬೇರಿನ ಪುಟ್ಟ ಮನೆ ಕಟ್ಟಿಸಿ, ಆಳುಗಳಿಂದ ನೀರು ಚಿಮುಕಿಸಿಕೊಂಡು ಇರುತ್ತಾರೆ ಅಂತಲೂ ಹೇಳುತ್ತಾನೆ. ನಾವು ಕೂಲರಿಗೆ ಹಾಕುವ ಖಸ್ ಇದೇ ಲಾಮಂಚ. ಆಳಿನ ಬದಲು ಪಂಪು ಬಂದಿದೆ, ಅಷ್ಟೇ ವ್ಯತ್ಯಾಸ.

ಆ ಕೋಣೆಗಳೇ ತಹಖಾನೆ. ಪಾರಸಿಯಲ್ಲಿ ತಹ್ ಅಂದರೆ ತಳ, ಖಾನಾ ಅಂದರೆ ಮನೆ. ಇರಾನಿನವರು ಇಂಥದಕ್ಕೇ ಸರ್ದಾಬ್ ಅನ್ನುತ್ತಾರೆ, ಅಂದರೆ ತಣ್ಣೀರು. ಹೆಸರಿನಲ್ಲೇ ಉದ್ದೇಶ ಇದೆ ನೋಡಿ. ಅದು ಸಾಮಾನು ತುಂಬುವ ಜಾಗ ಅಲ್ಲ, ಜಾಗ ಸಾಲದೆ ಮಾಡಿದ್ದೂ ಅಲ್ಲ. ತಂಪಿಗಾಗಿ ಮಾಡಿದ್ದು. ಆಗ್ರಾ ಕೋಟೆಯ ಖಾಸ್ ಮಹಲಿನ ಕೆಳಗೂ ಇಂಥ ಕೋಣೆಗಳಿವೆ. ಮೆಹ್ರೌಲಿಯಲ್ಲಿ ಸಿಕಂದರ್ ಲೋದಿಯ ಕಾಲದಲ್ಲಿ, 1506ರಲ್ಲಿ ಕಟ್ಟಿದ ರಾಜೋಂ ಕೀ ಬಾವೋಲಿಗೆ ಹೋಗಿ ನೋಡಿ. ಬಾವಿಯ ಸುತ್ತ ಅಂತಸ್ತು ಅಂತಸ್ತಾಗಿ ಕಂಬಸಾಲು ಇಳಿಯುತ್ತದೆ. ಮೇ ತಿಂಗಳಲ್ಲಿ ಒಂದೊಂದು ಅಂತಸ್ತು ಇಳಿದ ಹಾಗೂ ಮೈಗೆ ಬಡಿಯುವ ಗಾಳಿ ಬದಲಾಗುತ್ತದೆ. ಬಡವನಿಗೆ ಬಾವೋಲಿ, ಸಾಹುಕಾರನಿಗೆ ತಹಖಾನೆ.

ಇದರ ಹಿಂದಿನ ಲೆಕ್ಕ ಸರಳ. ಮೂರು ನಾಲ್ಕು ಮೀಟರ್ ಆಳಕ್ಕೆ ಹೋದರೆ ಮಣ್ಣಿಗೆ ಬೇಸಿಗೆ ಚಳಿಗಾಲದ ಪರಿವೆ ಅಷ್ಟಾಗಿ ಇರುವುದಿಲ್ಲ, ಅದು ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ದಿಲ್ಲಿಗೆ ಆ ಸರಾಸರಿ ಸುಮಾರು 25 ಡಿಗ್ರಿ. ಮೇಲೆ 45 ಇದ್ದಾಗ ಗೋಡೆಯ ಆಚೆಗಿನ ಮಣ್ಣು 25ರ ಹತ್ತಿರ! ಕರೆಂಟಿಲ್ಲದ ಏಸಿ. ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ಬಹಳ ಜನ ಅದನ್ನು ಮರೆಯುತ್ತಾರೆ. ಜುಲೈ ಬಂತು, ಗಾಳಿ ಒದ್ದೆಯಾಯಿತು. ಆ ಒದ್ದೆ ಗಾಳಿ ಕೆಳಗಿಳಿದು ತಣ್ಣನೆಯ ಗೋಡೆಗೆ ತಾಗಿದರೆ ಐಸ್ ನೀರಿನ ಲೋಟ ಬೆವರುವ ಹಾಗೆ ಗೋಡೆ ಬೆವರುತ್ತದೆ. ಎಲ್ಲೂ ಸೋರದಿದ್ದರೂ ಒದ್ದೆ. ಆಮೇಲೆ ಬೂಸ್ಟು, ಮುಗ್ಗಲು ವಾಸನೆ. ಆದ್ದರಿಂದ ತಹಖಾನೆಯ ಹಂಗಾಮು ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ, ಅದೂ ಹಗಲು ಮಾತ್ರ. ಮಳೆ ಬಿದ್ದ ಕೂಡಲೇ ಮನೆಮಂದಿ ಮೇಲೆ.

ಮೇಲೆ ಅಂದರೆ ಎಲ್ಲಿಗೆ? ಬರಸಾತಿಗೆ. ಬರ್‌ಸಾತ್ ಅಂದರೆ ಮಳೆ. ಮಾಳಿಗೆಯ ಮೇಲೆ ಮಲಗಿದ್ದಾಗ ಸರಿರಾತ್ರಿ ಮಳೆ ಬಂದರೆ ಚಾಪೆ ಎಳೆದುಕೊಂಡು ನುಗ್ಗಲು ಒಂದು ಸಣ್ಣ ಮಾಡು. ಚಳಿಗಾಲಕ್ಕೆ ಮತ್ತೆ ಅದೇ ಮಾಳಿಗೆಯ ಬಿಸಿಲು, ಕಡಲೆಕಾಯಿ, ಸ್ವೆಟರ್ ಹೆಣಿಗೆ. ಹೀಗೆ ಹಳೆಯ ದಿಲ್ಲಿಯ ಕುಟುಂಬ ಒಂದೇ ಮನೆಯೊಳಗೆ ವರ್ಷವಿಡೀ ಗುಳೆ ಹೋಗುತ್ತಿತ್ತು. ಇಂಥ ಕೋಣೆ ಇಂಥವರದು ಅನ್ನುವುದಕ್ಕಿಂತ ಇಂಥ ಕೋಣೆ ಇಂಥ ತಿಂಗಳಿನದು ಅನ್ನುವ ಹಾಗೆ. ನನಗೆ ಈ ಊರಿನ ಬಗ್ಗೆ ಗೊತ್ತಿರುವ ಸಂಗತಿಗಳಲ್ಲಿ ತುಂಬಾ ಇಷ್ಟವಾದದ್ದು ಇದು.

ಇಂಗ್ಲಿಷರೂ ಮೊದಮೊದಲು ಇದನ್ನು ಕಲಿತರು. ಕಾಶ್ಮೀರಿ ಗೇಟಿನಿಂದ ಉತ್ತರಕ್ಕೆ, ಯಮುನೆಯ ದಂಡೆಯಲ್ಲಿ ರೆಸಿಡೆಂಟ್ ಥಾಮಸ್ ಮೆಟ್‌ಕಾಫ್ 1830ರ ದಶಕದಲ್ಲಿ ಕಟ್ಟಿಸಿದ ಮಹಲಿನಲ್ಲಿ ಬೇಸಿಗೆಗಾಗಿ ತಹಖಾನೆ ಮಾಡಿಸಿದ್ದ. ಅವನ ಮಗಳು ಎಮಿಲಿಯ ನೆನಪುಗಳು 1980ರಲ್ಲಿ 'ದಿ ಗೋಲ್ಡನ್ ಕಾಮ್' ಅನ್ನುವ ಪುಸ್ತಕವಾಗಿ ಬಂದವು. ಆ ಮನೆಯ ಜೀವನ ಹೇಗಿತ್ತು ಅಂತ ಅದರಲ್ಲಿ ಸೊಗಸಾಗಿ ಗೊತ್ತಾಗುತ್ತದೆ. 1857ರಲ್ಲಿ ಆ ಮನೆ ಲೂಟಿಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲಿಷರು ಊರನ್ನು ಮತ್ತೆ ಹಿಡಿದಾಗ ಗೋಡೆಯೊಳಗಿನ ನಗರದ ನೆಲ ಅಗೆಸಿದರು. 'ಪ್ರೈಜ್ ಏಜೆಂಟ್' ಅನ್ನುವ ಅಧಿಕಾರಿಗಳ ಕೆಲಸವೇ ಅದು, ಹವೇಲಿಗಳಲ್ಲಿ ಬಚ್ಚಿಟ್ಟ ಚಿನ್ನ ಬೆಳ್ಳಿ ಹುಡುಕಿಸಿ ತೆಗೆಸುವುದು. ಮಧ್ಯಾಹ್ನದ ನಿದ್ದೆಗೆ ಇಳಿಯುತ್ತಿದ್ದ ನೆಲದಡಿಗೆ ಈಗ ಇಳಿದದ್ದು ಹಾರೆ ಗುದ್ದಲಿ.

ಆಮೇಲೆ ಬಂದ ಹೊಸ ದಿಲ್ಲಿಗೆ ತಹಖಾನೆ ಬೇಕಾಗಲಿಲ್ಲ. 1911ರಲ್ಲಿ ಘೋಷಣೆಯಾಗಿ 1931ರಲ್ಲಿ ಉದ್ಘಾಟನೆಯಾದ ಆ ರಾಜಧಾನಿಯ ಬಂಗಲೆಗಳು ಜಾಗದ ಶ್ರೀಮಂತಿಕೆಯವು. ಎತ್ತರದ ಛಾವಣಿ, ದಪ್ಪ ಗೋಡೆ, ಸುತ್ತ ವರಾಂಡ, ಮೇಲೆ ಕರೆಂಟ್ ಫ್ಯಾನು. ಬೇಸಿಗೆಗೆ ಸರ್ಕಾರವೇ ಶಿಮ್ಲಾಕ್ಕೆ ಹೋಗುತ್ತಿತ್ತಲ್ಲ, ನೆಲದಡಿಗೆ ಯಾಕೆ ಹೋಗಬೇಕು? 1947ರಲ್ಲಿ ದೇಶ ಒಡೆದಾಗ ಪಂಜಾಬಿನ ಲಕ್ಷಾಂತರ ಜನ ಇಲ್ಲಿಗೆ ಬಂದರು. ಅವರಿಗಾಗಿ ರಾಜಿಂದರ್ ನಗರ, ಪಟೇಲ್ ನಗರ, ಲಾಜಪತ್ ನಗರ ಎದ್ದವು. ಸಣ್ಣ ಸೈಟು, ತಗ್ಗಾದ ಮನೆ. (ರಾಜಿಂದರ್ ನಗರದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.)

ಆ ಮನೆಗಳ ಮೇಲೆ ಬರಸಾತಿ ಉಳಿದುಕೊಂಡಿತು, ಕೆಳಗಿನ ತಹಖಾನೆ ಮರೆಯಾಯಿತು. ನಮ್ಮಂಥ ಹೊರಗಿನವರು ದಿಲ್ಲಿಗೆ ಕಾಲಿಟ್ಟಿದ್ದೇ ಬರಸಾತಿಯ ಮೂಲಕ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಮೂಲೆಯಲ್ಲಿ ಸ್ಟವ್, ಎದುರಿಗೆ ಇಡೀ ಬಯಲು ಮಾಳಿಗೆ. ಮೇ ತಿಂಗಳಲ್ಲಿ ಗೋಡೆ ಮುಟ್ಟುವ ಹಾಗಿಲ್ಲ. ಕರೋಲ್ ಬಾಗ್‌ನಲ್ಲಿ ನಾನಿದ್ದ ಬರಸಾತಿಯಲ್ಲಿ ಬಕೆಟ್ ನೀರು ಸುರಿದು ನೆಲ ಆರುವಷ್ಟರಲ್ಲಿ ಮಲಗಬೇಕಿತ್ತು, ಹಾಗೆ ಮಲಗಿ ನಿದ್ದೆ ಮಾಡಿದ್ದೇವೆ. ಭಾನುವಾರ ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಹೋದರೆ ಅರ್ಧ ಹುಡುಗರು ಬರಸಾತಿಯವರೇ. ಯಾರ ಬೆವರುಸಾಲೆ ಜೋರು ಅಂತ ಪೈಪೋಟಿ.

ಬೇಸ್‌ಮೆಂಟು ದಿಲ್ಲಿಗೆ ವಾಪಸ್ಸು ಬಂದದ್ದು ಬೇರೆಯೇ ಕಾರಣಕ್ಕೆ. ಜಾಗದ ಬೆಲೆ. ಮೊದಲು ಡೆಸರ್ಟ್ ಕೂಲರ್, ಆಮೇಲೆ ಏಸಿ ಬಂದ ಮೇಲೆ ತಂಪಿಗಾಗಿ ಯಾರೂ ನೆಲ ಅಗೆಯಬೇಕಿರಲಿಲ್ಲ. ಅಗೆದದ್ದು ಚದರಡಿಗಾಗಿ. 1980–90ರ ದಶಕಗಳಲ್ಲಿ ಹಳೆಯ ಕೋಠಿಗಳನ್ನು ಕೆಡವಿ ಬಿಲ್ಡರುಗಳು ಮಹಡಿಗೊಂದು ಸಂಸಾರದ ಹಾಗೆ ಕಟ್ಟತೊಡಗಿದರು. ಕೆಳಗಿನ ಬೇಸ್‌ಮೆಂಟಿನ ಚದರಡಿ ಕಟ್ಟಡದ ಅನುಮತಿಯ ಲೆಕ್ಕಕ್ಕೆ ಸೇರುವುದಿಲ್ಲ ಅನ್ನುವುದು ಅವರಿಗೆ ವರವಾಯಿತು. ಅಲ್ಲಿ ವಕೀಲರ ಆಫೀಸು, ರಫ್ತಿನ ಬಟ್ಟೆ ಹೊಲಿಯುವ ಮಿಷನ್ನುಗಳು, ಟ್ಯೂಷನ್ನು, ಪಾರ್ಲರು, ಮನೆಗೆಲಸದವರ ಸಂಸಾರ... ಏನುಂಟು ಏನಿಲ್ಲ. 1996ರಲ್ಲಿ ಊರಿನ ಹೊಲ ಮಾರಿದ ದುಡ್ಡಿಗೆ ಪಿಎಫ್ ಸೇರಿಸಿ ನಾನು ಗ್ರೌಂಡ್ ಫ್ಲೋರ್ ಕೊಂಡಾಗ, 'ಬೇಸ್‌ಮೆಂಟ್ ಫ್ರೀ ಸಮಝಿಯೇ ಸಾಹಬ್' ಅಂತ ಬಿಲ್ಡರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಕಾನೂನು ಏನನ್ನುತ್ತದೆ? ಇದು ನಾನು ಮಗನಿಗೆ ಓದಿ ಹೇಳಿದ ಭಾಗ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂತು, ಆಮೇಲೆ ಹಲವು ಸಲ ಪರಿಷ್ಕಾರವಾಯಿತು. ಅದರ ಪ್ರಕಾರ ನೆಲಮಾಳಿಗೆಯ ಎತ್ತರ ಕನಿಷ್ಠ 2.4 ಮೀಟರ್ ಇರಬೇಕು. ಅದರ ಛಾವಣಿ ಸುತ್ತಲಿನ ನೆಲಕ್ಕಿಂತ 0.9ರಿಂದ 1.2 ಮೀಟರ್ ಮೇಲೆ ಎದ್ದಿರಬೇಕು. ಗಾಳಿಯಾಡಬೇಕು, ಮೇಲಿನ ನೀರು ಒಳಗೆ ಹರಿಯಬಾರದು. ಇವೆಲ್ಲ ಸರಿಯಾದ ಮಾತೇ. ಉಪಯೋಗದ ಪಟ್ಟಿಯಲ್ಲಿ ಮನೆಯ ಸಾಮಾನು, ತಿಜೋರಿ ಕೋಣೆ, ಏಸಿ ಯಂತ್ರ, ವಾಹನ ನಿಲುಗಡೆ, ಲೈಬ್ರರಿಯ ಪುಸ್ತಕ ರಾಶಿ ಇವೆ. ಮನುಷ್ಯ ಮಲಗುವುದು ಆ ಪಟ್ಟಿಯಲ್ಲಿ ಇಲ್ಲ. 2007ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದಿಲ್ಲಿಯ ಮಾಸ್ಟರ್ ಪ್ಲಾನ್ 2021 ಸೈಟಿನ ಮನೆಗಳ ಬೇಸ್‌ಮೆಂಟಿನಲ್ಲಿ ವಕೀಲ, ಡಾಕ್ಟರ್ ಮುಂತಾದ ವೃತ್ತಿಯವರಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ಅದಕ್ಕೆ ಮೊದಲು 2006ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ನಡೆದ ಸೀಲಿಂಗ್ ಇಲ್ಲಿದ್ದವರಿಗೆ ನೆನಪಿರಬೇಕು. ವಸತಿ ಜಾಗದಲ್ಲಿ ವ್ಯಾಪಾರ ಅಂತ ಅಂಗಡಿಗಳಿಗೆ, ಬೇಸ್‌ಮೆಂಟುಗಳಿಗೆ ಅರಗಿನ ಮುದ್ರೆ ಬಿತ್ತು. ಸೀಲಂಪುರದಲ್ಲಿ ಗೋಲಿಬಾರಾಗಿ ಜೀವಗಳೂ ಹೋದವು. ಆ ವರ್ಷದಿಂದ ನನಗೆ 'ಫಾಲ್ಸ್ ಸೀಲಿಂಗ್' ಅಂದರೂ ಎದೆ ಝಲ್ಲೆನ್ನುತ್ತದೆ.

"ಅಮೆರಿಕಾದಾಗ ಎಲ್ಲಾರೂ ಬೇಸ್‌ಮೆಂಟ್ ಫಿನಿಶ್ ಮಾಡಸ್ತಾರ, ಅಕ್ಕನ ಮನ್ಯಾಗ ನೀವ ನೋಡೀರಿ" ಅಂದ ಮಗ. ನೋಡಿದ್ದೇನೆ. ಮಗಳು ಮಿಷಿಗನ್‌ನಲ್ಲಿದ್ದಾಳೆ. ಆರು ತಿಂಗಳು ಅಲ್ಲಿದ್ದಾಗ ಅವಳ ಬೇಸ್‌ಮೆಂಟೇ ನಮ್ಮ ಕೋಣೆ, ಬಚ್ಚಲು, ಟೀವಿ, ಪೂಜೆ ಎಲ್ಲ. ಚಳಿದೇಶದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಆದ್ದರಿಂದ ತಳಪಾಯ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೋಗಬೇಕು. ಮಿಷಿಗನ್‌ನಲ್ಲಿ ಅದು 42 ಇಂಚು. ಹೇಗೂ ಅಷ್ಟು ತೋಡಿದ ಮೇಲೆ ಇನ್ನಷ್ಟು ತೋಡಿದರೆ ಒಂದು ಅಂತಸ್ತೇ ಸಿಗುತ್ತದೆ. ಮೊದಲು ಅಲ್ಲಿ ಇದ್ದಿದ್ದು ಕಲ್ಲಿದ್ದಲಿನ ಒಲೆ, ಕಲ್ಲಿದ್ದಲ ರಾಶಿ, ಮಸಿ. ಎಣ್ಣೆ ಮತ್ತು ಗ್ಯಾಸಿನ ಸಣ್ಣ ಒಲೆಗಳು ಬಂದ ಮೇಲೆ ಜಾಗ ಖಾಲಿಯಾಯಿತು. ಎರಡನೇ ಮಹಾಯುದ್ಧ ಮುಗಿದು ಮಧ್ಯಮ ವರ್ಗ ಊರಾಚೆಗೆ ಮನೆ ಮಾಡಿದಾಗ ಗಂಡಸರು ಭಾನುವಾರ ಸುತ್ತಿಗೆ ಹಿಡಿದು ಹಲಗೆ ಹೊಡೆದು ಅದನ್ನು ಆಟದ ಕೋಣೆ ಮಾಡಿಕೊಂಡರು. 1959ರಲ್ಲಿ ಅಲ್ಲಿನ ಸರ್ಕಾರವೇ ಅಣುಬಾಂಬಿನ ಧೂಳಿನಿಂದ ಸಂಸಾರ ಕಾಪಾಡಿಕೊಳ್ಳಲು ಬೇಸ್‌ಮೆಂಟಿನ ಮೂಲೆಯಲ್ಲಿ ಕಾಂಕ್ರೀಟ್ ಬ್ಲಾಕಿನ ಗೂಡು ಕಟ್ಟುವುದು ಹೇಗೆ ಅಂತ ಪುಸ್ತಿಕೆ ಹಂಚಿತು.

ಅಲ್ಲಿಯೂ ನೆಲ ಸುಮ್ಮನೆ ಇರಲಿಲ್ಲ ಅನ್ನಿ. 1984ರಲ್ಲಿ ಪೆನ್ಸಿಲ್ವೇನಿಯಾದ ಅಣುಸ್ಥಾವರವೊಂದರಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನುವ ಇಂಜಿನಿಯರ್ ಬಂದಾಗಲೆಲ್ಲ ವಿಕಿರಣದ ಗಂಟೆ ಹೊಡೆದುಕೊಳ್ಳುತ್ತಿತ್ತು. ಸ್ಥಾವರಕ್ಕೆ ಇನ್ನೂ ಇಂಧನವನ್ನೇ ತುಂಬಿರಲಿಲ್ಲ! ಹುಡುಕಿದರೆ ಅವನ ಮನೆಯೊಳಗೇ ರೇಡಾನ್ ಅನ್ನುವ ಅನಿಲ, ಕೆಳಗಿನ ಮಣ್ಣಿನಿಂದ ಎದ್ದು ತುಂಬಿಕೊಂಡಿತ್ತು. ವಾಸನೆ ಇಲ್ಲ, ಬಣ್ಣ ಇಲ್ಲ. ನಮ್ಮಜ್ಜನ ಕಂದೀಲು ಇದಕ್ಕೆ ಆರುತ್ತಿರಲಿಲ್ಲ. ಅದಾದ ಮೇಲೆ ಮನೆಗಳಲ್ಲಿ ರೇಡಾನ್ ಅಳೆಯುವುದು ಅಲ್ಲಿ ರೂಢಿಯಾಯಿತು.

ಆದರೆ ಮಗಳ ಮನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಿಟಕಿ. ನಾವು ಮಲಗುವ ಕೋಣೆಯ ಹೊರಗೆ ನೆಲದಲ್ಲಿ ಅರ್ಧಚಂದ್ರದ ಗುಂಡಿ ತೋಡಿ, ಅದಕ್ಕೆ ಏಣಿ ಹಾಕಿದ್ದರು. ಬೇಸ್‌ಮೆಂಟಿನಲ್ಲಿ ಮಲಗುವ ಕೋಣೆ ಮಾಡುವುದಾದರೆ ಅಲ್ಲಿಂದ ನೇರ ಹೊರಕ್ಕೆ ದಾಟುವ ಕಿಟಕಿ ಇರಬೇಕು ಅಂತ ಅಲ್ಲಿನ ಸಂಹಿತೆ. ಸುಮಾರು 5.7 ಚದರಡಿ ತೆರೆಯಬೇಕು, ಕಿಟಕಿಯ ಅಡಿ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಒಳಗಿನವನು ಹೊರಗೆ ಬರಬೇಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತ ಅಗ್ನಿಶಾಮಕದವನು ಒಳಗೆ ಹೋಗಬೇಕು. ಅಳತೆ ಹುಟ್ಟಿದ್ದು ಹಾಗೆ.

ಅಂದರೆ ಅಲ್ಲಿನ ನಿಯಮ 'ಇರುವುದಾದರೆ ಹೀಗಿರು' ಅನ್ನುತ್ತದೆ. ನಮ್ಮದು 'ಇರಲೇಬೇಡ' ಅನ್ನುತ್ತದೆ. ಇರಲೇಬೇಡ ಅಂದ ಮೇಲೆ ಕಿಟಕಿಯ ಅಳತೆ ಹೇಳುವ ಗೋಜೇ ಇಲ್ಲವಲ್ಲ! ಜನ ಇರುವುದನ್ನಂತೂ ಬಿಡುವುದಿಲ್ಲ, ಕಿಟಕಿ ಇಲ್ಲದೆ ಇರುತ್ತಾರೆ. ಅಮೆರಿಕಾವನ್ನು ತೀರಾ ಮೇಲೆ ಕೂರಿಸುವ ಆಸೆ ನನಗಿಲ್ಲ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ 11 ಜನ ಬೇಸ್‌ಮೆಂಟು ಮನೆಗಳಲ್ಲೇ ಮುಳುಗಿ ಸತ್ತರು, ಹೆಚ್ಚಿನವರು ಕ್ವೀನ್ಸ್‌ನ ವಲಸಿಗರು. ಆ ಮನೆಗಳಲ್ಲಿ ಹೆಚ್ಚಿನವು ಅನುಮತಿ ಇಲ್ಲದವು. ಅಲ್ಲೂ ಕಿಟಕಿಯ ನಿಯಮ ತಲುಪದ ಕಡೆ ನೀರು ತಲುಪಿತ್ತು.

ಇಷ್ಟೆಲ್ಲ ಓದಿ ಹೇಳಿದರೂ ಮೇ ತಿಂಗಳಲ್ಲಿ ಠೇಕೇದಾರ ಬಂದೇ ಬಂದ. ನಾನೇ ಒಪ್ಪಿದ್ದು, ಸುಳ್ಳು ಯಾಕೆ ಹೇಳಲಿ. ಮೊಮ್ಮಗ ಸೋಫಾದ ಮೇಲೆ ಕಾಲು ಮಡಚಿ ಮಲಗುವುದನ್ನು ದಿನಾ ನೋಡುವವನು ನಾನು. ಠೇಕೇದಾರ ಟೇಪು ಹಿಡಿದು ಅಳೆದ. ಜಿಪ್ಸಮ್ ಬೋರ್ಡು, ಮರದ ಬಣ್ಣದ ನೆಲ, ಗೋಡೆಗೆ ಹಲಗೆ, ಎರಡು ಟನ್ ಏಸಿ. ಇದ್ದ ಎರಡು ಬೆಳಕಿಂಡಿಗಳನ್ನು 'ಧೂಳು ಬರುತ್ತೆ' ಅಂತ ಮುಚ್ಚುವುದು ಅವನ ಪ್ಲಾನು. ನೀರು ನಿಲ್ಲಿಸುವುದು ಹೇಗೆ ಅಂದೆ. ಒಳಗಿನಿಂದ ಬಳಿಯುವ ಬಣ್ಣದ ಡಬ್ಬಿ ತೋರಿಸಿದ. ಕಟ್ಟುವಾಗಲೇ ಹೊರಗಿನಿಂದ, ತಳಕ್ಕೂ ಗೋಡೆಗೂ ಕಲ್ಲು ಹಾಸಿ ಪೆಟ್ಟಿಗೆಯ ಹಾಗೆ ಮಾಡುವುದು ಸರಿಯಾದ ಕ್ರಮ. ಇಲ್ಲಿ ಕೋಟಾ ಕಲ್ಲು ಹಾಕುತ್ತಾರೆ, ಮುಂಬಯಿ ಪುಣೆ ಕಡೆ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು. ನಮ್ಮ ಬಿಲ್ಡರ್ ಏನು ಹಾಕಿದ್ದನೋ, ಆ ದೇವರಿಗೂ ಬಿಲ್ಡರಿಗೂ ಗೊತ್ತು. (ಮುಂಬಯಿ ಅಂದ ಕೂಡಲೇ ನೆನಪಾಯಿತು. ಚಾಳಿನ ಒಂದೇ ಖೋಲಿಯಲ್ಲಿ ಪೋಟಮಾಳಾ ಏರಿಸಿ ಎರಡು ಸಂಸಾರ ಮಾಡಿದ ಅಲ್ಲಿನ ಗೆಳೆಯರು ನಮ್ಮ ಈ ರಗಳೆ ಓದಿ ನಗುತ್ತಿರಬಹುದು.)

ಜೂನ್ 28ರಂದು ದಿಲ್ಲಿಯ ಸಫ್ದರ್‌ಜಂಗ್‌ನಲ್ಲಿ 24 ಗಂಟೆಯಲ್ಲಿ 228.1 ಮಿಲಿಮೀಟರ್ ಮಳೆ. ಜೂನ್ ತಿಂಗಳಲ್ಲಿ 1936ರ ನಂತರ ಅಷ್ಟು ಬಿದ್ದಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಬೇಸ್‌ಮೆಂಟಿನ ಮೆಟ್ಟಿಲ ಬುಡದಲ್ಲಿ ಅರ್ಧ ಅಡಿ ನೀರು, ಅದರಲ್ಲಿ ತೇಲುತ್ತಿರುವ ಹಳೆಯ ಸುಧಾ, ಮಯೂರ. 1996ರಲ್ಲಿ ನಮ್ಮ ಗೇಟಿಗೆ ರಸ್ತೆಯಿಂದ ಮೂರು ಮೆಟ್ಟಿಲಿದ್ದವು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಈಗ ಉಳಿದಿರುವುದು ಒಂದು. ಯಾರೂ ಅಗೆಯದೆಯೇ ನಮ್ಮ ನೆಲಮಾಳಿಗೆ ಒಂದು ಅಡಿ ಆಳವಾಗಿತ್ತು. ಠೇಕೇದಾರ ಬಂದು ನೋಡಿ, 'ಕೋಯೀ ಬಾತ್ ನಹೀ, ಪಂಪ್ ಲಗಾ ದೇಂಗೇ' ಅಂದ. ಆಗಸ್ಟ್ ಒಂದರಿಂದ ಕೆಲಸ ಅಂತ ಗೊತ್ತಾಯಿತು.

ಜುಲೈ 27, ಶನಿವಾರ ಸಂಜೆ. ಹಳೇ ರಾಜಿಂದರ್ ನಗರ. ಐಎಎಸ್ ಪರೀಕ್ಷೆಗೆ ಓದುವ ಹುಡುಗರ ಕೋಚಿಂಗ್ ಕೇಂದ್ರವೊಂದರ ಬೇಸ್‌ಮೆಂಟಿನಲ್ಲಿ ಲೈಬ್ರರಿ ಇತ್ತು. ಕಾಗದದಲ್ಲಿ ಅದು ಸಾಮಾನು ಇಡುವ ಜಾಗ. ಮಳೆಗೆ ರಸ್ತೆ ಹೊಳೆಯಾಗಿ, ಗೇಟು ಮುರಿದು ನೀರು ನುಗ್ಗಿತು. ನಿಮಿಷಗಳಲ್ಲಿ ತುಂಬಿತು. ಇಬ್ಬರು ಹುಡುಗಿಯರು, ಒಬ್ಬ ಹುಡುಗ ಮೇಲೆ ಬರಲಿಲ್ಲ. ದೂರದ ಊರುಗಳಿಂದ ಓದಲು ಬಂದವರು, 1979ರಲ್ಲಿ ನಾನು ಬಂದ ಹಾಗೆ. ನನಗೆ ಓದಲು ಸಿಕ್ಕಿದ್ದು ಮಾಳಿಗೆಯ ಮೇಲಿನ ಸುಡುವ ಕೋಣೆ, ಅವರಿಗೆ ಸಿಕ್ಕಿದ್ದು ನೆಲದ ಕೆಳಗಿನ ಏಸಿ ಕೋಣೆ.

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮಗ ಟೀವಿ ನೋಡುತ್ತಾ, "ಬಾಗಿಲ ತಗದು ಓಡಿ ಬರ್ಲಿಕ್ಕೆ ಆಗ್ಲಿಲ್ಲೇನು?" ಅಂದ. ಮೊಮ್ಮಗ ಭೌತಶಾಸ್ತ್ರದ ಪುಸ್ತಕ ತಂದು ಲೆಕ್ಕ ಹಾಕಿದ. ನಮ್ಮ ಬೇಸ್‌ಮೆಂಟಿನ ಬಾಗಿಲು ಮೂರು ಅಡಿ ಅಗಲ. ಆಚೆ ಬರೀ ಎರಡು ಅಡಿ ನೀರು ನಿಂತರೆ ಬಾಗಿಲ ಮೇಲೆ ಬೀಳುವ ಒತ್ತು ಸುಮಾರು 170 ಕಿಲೋ ತೂಕದಷ್ಟು. ನೀರಿನ ಎತ್ತರ ಎರಡರಷ್ಟಾದರೆ ಒತ್ತು ನಾಲ್ಕರಷ್ಟು. ಹುಡುಗ ಲೆಕ್ಕ ಬರೆದ ಹಾಳೆಯನ್ನು ಅಪ್ಪನ ಮುಂದೆ ಇಟ್ಟು ಎದ್ದು ಹೋದ. ನಮ್ಮಾಕೆ ಹಗೇವಿನ ಮಾತು ಮತ್ತೆ ಎತ್ತಲಿಲ್ಲ, ಅದು ಅವಳ ದೊಡ್ಡತನ.

ಅದಾದ ಮೇಲೆ ಊರಲ್ಲಿ ಬೇಸ್‌ಮೆಂಟುಗಳಿಗೆ ಮತ್ತೊಂದು ಸುತ್ತು ಸೀಲು ಬಿತ್ತು. ಪಾಲಿಕೆಯವರು ಪಟ್ಟಿ ಹಿಡಿದು ಓಡಾಡಿದರು. ಯಾವ ಬೇಸ್‌ಮೆಂಟಿಗೆ ಎರಡನೇ ದಾರಿ ಇದೆ, ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿ ಯಾರಾದರೂ ಮಾಡಿದ್ದರೆ ನನ್ನ ಕಣ್ಣಿಗಂತೂ ಬೀಳಲಿಲ್ಲ.

ಠೇಕೇದಾರನ ಮುಂಗಡ ಅರ್ಧ ವಾಪಸ್ಸು ಬಂತು, ಇನ್ನರ್ಧಕ್ಕೆ ಬೇರೆ ಕೆಲಸ ಮಾಡಿಸಿದೆವು. ಮೊಮ್ಮಗನಿಗೆ ನಮ್ಮ ಕೋಣೆ ಕೊಟ್ಟೆವು. ನಾವಿಬ್ಬರೂ ಹಿಂದಿನ ವರಾಂಡಕ್ಕೆ ಗಾಜು ಹಾಕಿಸಿಕೊಂಡು ಅಲ್ಲಿಗೆ ಬಂದೆವು. ಬೇಸ್‌ಮೆಂಟಿನ ಬೆಳಕಿಂಡಿಗಳಲ್ಲಿ ಒಂದನ್ನು ಒಡೆಸಿ ಒಬ್ಬ ಮನುಷ್ಯ ನುಸುಳುವಷ್ಟು ದೊಡ್ಡದು ಮಾಡಿಸಿ, ಸರಳನ್ನು ಒಳಗಿನಿಂದ ತೆಗೆಯುವ ಹಾಗೆ ಕೂರಿಸಿದೆವು. ಅದರ ಕೆಳಗೆ ಕಬ್ಬಿಣದ ಏಣಿ. ಮೆಟ್ಟಿಲ ಬಾಯಿಗೆ ಒಂದೂವರೆ ಅಡಿ ಕಟ್ಟೆ. ಬಾಗಿಲನ್ನು ಕೀಲು ಸಮೇತ ತೆಗೆಸಿಬಿಟ್ಟೆ. ಗೋಡೆಗೆ ಹಲಗೆ ಹೊಡೆಸಲಿಲ್ಲ, ಸುಣ್ಣ ಬಳಿಸಿದೆ. ಒದ್ದೆಯಾದರೆ ಕಣ್ಣಿಗೆ ಕಾಣಬೇಕು. ಪುಸ್ತಕಗಳು ಮೇಲಿನ ಕಪಾಟಿಗೆ ಬಂದವು, ಗಣಪತಿಯ ಮಂಟಪ, ಟ್ರಂಕು, ಹಾರ್ಮೋನಿಯಂ ಪೆಟ್ಟಿಗೆ ಕೆಳಗೆ ಎತ್ತರದ ಅಟ್ಟಣಿಗೆಯ ಮೇಲೆ ಕೂತವು.

ಮೊನ್ನೆ ಮೇ ತಿಂಗಳಲ್ಲಿ ಹೊರಗೆ 44 ಡಿಗ್ರಿ. ಕರೆಂಟು ಹೋಗಿತ್ತು. ಊಟವಾದ ಮೇಲೆ ಚಾಪೆ ದಿಂಬು ಹಿಡಿದು ಕೆಳಗಿಳಿದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬಳೆ ಸದ್ದು. "ಮ್ಯಾಲೆ ಕುದೀಲಿಕ್ಕತ್ತೇದ್ರೀ, ಅತ್ಲಾಗ ಸರೀರಿ" ಅಂತ ನಮ್ಮಾಕೆ ಇನ್ನೊಂದು ಚಾಪೆ ಹಾಸಿದಳು. ನಾಲ್ಕೂವರೆಯವರೆಗೆ ಒಳ್ಳೆಯ ನಿದ್ದೆ. ಜೂನ್ ಕೊನೆಗೆ ಮೊದಲ ಮೋಡ ಕಂಡ ದಿನ ಎರಡೂ ಚಾಪೆ ಸುತ್ತಿ ಮೇಲೆ ತಂದಿದ್ದೇವೆ.